ಪ್ರಸಾದ ಆಗಲಿಲ್ಲ

ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ಹಂಚಿದೆ. ಮಾಡಿಗೆ ಹೊದಿಸುವ ಹಳೆಯ ಕೆಂಪು ಹಂಚು. ಒಂದು ಮೂಲೆ ಮುಕ್ಕಾಗಿದೆ, ಬೆನ್ನ ಮೇಲೆ ಪಾಚಿ ಒಣಗಿ ಕಪ್ಪಗಾಗಿದೆ. ತುಳಸಿ ಕುಂಡದ ಪಕ್ಕದಲ್ಲಿ ಗೋಡೆಗೆ ಆನಿಸಿ ಇಟ್ಟಿದ್ದೇನೆ. ಮನೆಗೆ ಬಂದವರು ಬಾಲ್ಕನಿಯಲ್ಲಿ ನಿಂತು, ಎರಡು ಕಟ್ಟಡಗಳ ಸಂದಿಯಲ್ಲಿ ಚೂರೇ ಚೂರು ಕಾಣುವ ಸಮುದ್ರವನ್ನು ಹೊಗಳಿ, ಆಮೇಲೆ ಹಂಚಿನ ಕಡೆ ನೋಡಿ ಇದೆಂಥದ್ದು ಎಂದು ಕೇಳುತ್ತಾರೆ. ಕುಂಡದ ಕೆಳಗೆ ಇಡಲಿಕ್ಕೆ ತಂದದ್ದು ಎನ್ನುತ್ತೇನೆ. ಹಂಚಿನ ಮೇಲೆ ಕುಂಡ ನಿಲ್ಲುವುದಿಲ್ಲವೆಂದು ನನಗೂ ಗೊತ್ತು, ಕೇಳಿದವರಿಗೂ ಗೊತ್ತು. ಅವರು ದೊಡ್ಡ ಮನಸ್ಸು ಮಾಡಿ ಸುಮ್ಮನಾಗುತ್ತಾರೆ.

ಇವರು, ಅಂದರೆ ನನ್ನ ಗಂಡ, ಅದನ್ನು ಕಸದ ಗಾಡಿಗೆ ಹಾಕಿಬಿಡೋಣ ಎಂದು ಎಷ್ಟೋ ಸಲ ಹೇಳಿದ್ದಾರೆ. ನಾನು ಬಿಟ್ಟಿಲ್ಲ. ಅದರ ಮೇಲೆ ಪ್ರೀತಿಯೇನೂ ಇಲ್ಲ ನನಗೆ. ಅದನ್ನು ನೋಡಿದಾಗಲೆಲ್ಲ ಮುಖ ಬಿಸಿಯಾಗುತ್ತದೆ, ಅಷ್ಟೇ. ಬಿಸಿಯಾಗಲಿ ಎಂದೇ ಇಟ್ಟಿದ್ದೇನೆ ಅಂತ ಕಾಣುತ್ತದೆ.

ನಾಚಿಕೆಯ ವಿಷಯ ಹೇಳಲಿಕ್ಕೆ ಕೂತರೆ ನಾನು ಮೊದಲು ಬೇರೆ ಏನೇನೋ ಹೇಳುವವಳು. ನೀವು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಬೇಕು. ಮೊಳೆಯ ವಿಷಯದಿಂದ ಶುರು ಮಾಡುತ್ತೇನೆ.

ನಾನು ಬೆಳೆದದ್ದು ಕೋಡಿಬಾಗದ ಒಂದು ಬಾಡಿಗೆ ಮನೆಯಲ್ಲಿ. ಕಾಳಿ ನದಿಗೆ ಸೇತುವೆ ಆಗುವ ಮೊದಲು ಅಪ್ಪ ತಾರಿ ದೋಣಿಯಲ್ಲಿ ಟಿಕೆಟು ಕೊಡುವ ಕೆಲಸದಲ್ಲಿದ್ದರು. ಮನೆಯ ಮುಂದಿನ ಭಾಗದಲ್ಲಿ ಮಾಲಕರು, ಹಿಂದಿನ ಎರಡು ಕೋಣೆಗಳಲ್ಲಿ ನಾವು. ಮಾಲಕರ ಹೆಂಡತಿ ಕೊಂಕಣಿಯವರು. ಒಳ್ಳೆಯ ಹೆಂಗಸು, ಚೌತಿಗೆ ತಟ್ಟೆ ತುಂಬ ನೆವರಿ, ಅಂದರೆ ಕರ್ಜಿಕಾಯಿ, ಕೊಡುತ್ತಿದ್ದರು. ಆದರೆ ಗೋಡೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಎಲ್ಲಿಯಾದರೂ ಟಕ್ ಎಂದು ಸದ್ದಾದರೆ ಸಾಕು, ಆಚೆಯಿಂದ "ಖಿಳೊ ಮಾರೂಂ ನಾಕಾ ಗೊ!" ಎಂದು ಕೂಗು ಬರುತ್ತಿತ್ತು. ಮೊಳೆ ಹೊಡೆಯಬೇಡ ಅಂತ. ಅಮ್ಮ ತೆಂಗಿನಕಾಯಿ ಒಡೆದರೂ ಆ ಕೂಗು ಬರುತ್ತಿತ್ತು.

ಹಾಗಾಗಿ ನಮ್ಮ ಮನೆಯ ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ನದಿಯ ಗಾಳಿ ಜೋರಾದರೆ ಅದರಲ್ಲಿದ್ದ ದೇವರು ನಮಗೆ ಬೆನ್ನು ತಿರುಗಿಸಿಬಿಡುತ್ತಿದ್ದ. ಅಜ್ಜನ ಫೋಟೋ ಅಕ್ಕಿ ಡಬ್ಬದ ಮೇಲೆ. ಅಕ್ಕಿ ತೆಗೆಯುವಾಗಲೆಲ್ಲ ಅಜ್ಜನನ್ನು ಎತ್ತಿ ಕೆಳಗಿಡಬೇಕು, ಅನ್ನಕ್ಕಿಟ್ಟ ಮೇಲೆ ಮತ್ತೆ ಕೂರಿಸಬೇಕು. ಸ್ವಂತ ಮನೆ ಎಂದರೆ ಬೇಕಾದಲ್ಲಿ ಮೊಳೆ ಹೊಡೆಯಬಹುದಾದ ಗೋಡೆ ಎಂದು ನಾನು ಆಗಲೇ ತೀರ್ಮಾನಿಸಿದ್ದೆ.

ದೊಡ್ಡವಳಾಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು, ಮದುವೆಯಾಯಿತು, ಇಬ್ಬರೂ ಸೇರಿ ಕಾರವಾರದಲ್ಲಿ ಈ ಫ್ಲ್ಯಾಟು ತೆಗೆದುಕೊಂಡೆವು. ಗೃಹಪ್ರವೇಶದ ಮರುದಿನವೇ ಸುತ್ತಿಗೆ ಹಿಡಿದು ನಿಂತೆ. ಕಾಂಕ್ರೀಟು ಗೋಡೆ! ಮೊದಲನೆಯ ಮೊಳೆ ಸೊಟ್ಟಗಾಯಿತು, ಎರಡನೆಯದು ಹಾರಿ ಇವರ ಹಣೆಗೆ ಬಡಿಯಿತು. ಕೊನೆಗೆ ಡ್ರಿಲ್ಲಿನವನನ್ನು ಕರೆಸಿದರೆ ಕೆಳಗಿನ ಮನೆಯವರು ಮೇಲೆ ಬಂದು, ಮಧ್ಯಾಹ್ನ ಜನ ಮಲಗುವ ಹೊತ್ತು ಎಂದು ಮೆತ್ತಗೆ ಹೇಳಿ ಹೋದರು. ಬೇರೆ ಮಾತಿನಲ್ಲಿ ಅದೇ "ಖಿಳೊ ಮಾರೂಂ ನಾಕಾ".

ಹಳೆಯ ಮನೆಯೊಂದನ್ನು ಕೊಂಡು ರಿಪೇರಿ ಮಾಡಿಸಿ ಇರಬೇಕು ಎಂಬ ಹುಚ್ಚು ನನಗೆ ಹಿಡಿದದ್ದಕ್ಕೆ ಇದೇ ಮೂಲ. ಇವರಿಗೂ ಅಂಟಿತು. ನಮ್ಮ ಮೂಲ ಊರು ಅಂಕೋಲೆಯ ಕಡೆ, ಕುಲದೇವರೂ ಅಲ್ಲಿಯೇ. ಒಂದು ಮದುವೆಯ ಊಟದಲ್ಲಿ ಪಕ್ಕದ ಎಲೆಯವರು, ಅಂಕೋಲೆಯಿಂದ ಒಳಗೆ ಒಂದು ಊರಿನಲ್ಲಿ ಹಳೇ ಹಂಚಿನ ಮನೆ ಮಾರಲಿಕ್ಕಿದೆ ಎಂದರು. ನಾನು ಪಾಯಸಕ್ಕೆ ಕಾಯದೆ ಎದ್ದೆ ಎಂದು ಇವರು ಈಗಲೂ ಹಂಗಿಸುತ್ತಾರೆ. ಕಾದಿದ್ದೆ. ಎರಡನೇ ಸಲ ಬರಲಿ ಎಂದು ಮಾತ್ರ ಕಾಯಲಿಲ್ಲ.

ಮನೆ ನೋಡಿದೊಡನೆ ನಾನು ಸೋತೆ. ಚಿರೆಕಲ್ಲಿನ ದಪ್ಪ ಗೋಡೆ, ಕೈಯೂರಿ ಕೂರುವಂಥ ಅಗಲ ಕಿಟಕಿ, ಎದುರಿಗೆ ಉದ್ದದ ಜಗುಲಿ. ಗೋಡೆಯ ತುಂಬ ಮೊಳೆಗಳು! ಒಂದರಲ್ಲಿ ಟೋಪಿ, ಒಂದರಲ್ಲಿ ಬೀಗದ ಕೈ, ಒಂದರಲ್ಲಿ ಏನೂ ಇಲ್ಲ, ಸುಮ್ಮನೆ ಮೊಳೆ. ಅಂಗಳದ ನಡುವೆ ಇಷಾಡದ ಮಾವಿನ ಮರ. ಅದರ ನೆರಳು ಜಗುಲಿಯ ಮೆಟ್ಟಿಲಿನವರೆಗೂ ಬರುತ್ತಿತ್ತು. ಮೂಲೆಯಲ್ಲಿ ಜಟಗನ ಕಲ್ಲು. ಜಟಗ ಎಂದರೆ ನಮ್ಮ ಕಡೆ ಜಾಗ ಕಾಯುವ ದೇವರು. ಮನೆ ಕೊಂಡವರು ಅವನ ಪೂಜೆಯನ್ನೂ ನಡೆಸಿಕೊಂಡು ಹೋಗಬೇಕು.

ಮನೆಯವರು ಬೊಮ್ಮಣ್ಣ ಮತ್ತು ಅವರ ಹೆಂಡತಿ ಸಾವಿತ್ರಕ್ಕ. ಗದ್ದೆ ಮಾಡಿಕೊಂಡಿದ್ದ, ನಮಗಿಂತ ಸ್ವಲ್ಪ ಹಿರಿಯರಾದ ಗಂಡ-ಹೆಂಡತಿ. ಅವರಿಗೆ ಆ ಮನೆ ಸಾಕಾಗಿತ್ತು. ಹೆದ್ದಾರಿಯ ಹತ್ತಿರ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟು, ಗೋಡೆ ಕಿಟಕಿಯ ಮಟ್ಟಕ್ಕೆ ಬಂದು ನಿಂತಿತ್ತು. ಕಂಬದ ಸರಳುಗಳು ತುಕ್ಕು ಹಿಡಿಯುತ್ತಿದ್ದವು. ಹಳೆಯ ಮನೆ ಮಾರಿದರೆ ಹೊಸ ಮನೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಅಷ್ಟು ಸರಳ ಲೆಕ್ಕ.

"ನಿಮ್ಗೆ ಈ ಹಂಚಿನ ಮನೆ ಎಂತಕೆ ಬೇಕು ಅಕ್ಕೋರೆ?" ಎಂದು ಸಾವಿತ್ರಕ್ಕ ಮೊದಲ ದಿನವೇ ಕೇಳಿದರು. ಟೀಚರುಗಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. "ನಂಗೆ ಗುಡ್ಸಿ ಗುಡ್ಸಿ ಸೊಂಟ ಹೋಯ್ತು. ಮೇಲಿಂದ ಹುಡಿ, ಕೆಳಗಿಂದ ಒರಲೆ. ಫರಸಿ ಕಲ್ಲು ಹಾಕದ ಮನೆಲಿ ಒಂದಿನ ಆರಾಮ ಕೂತ್ಕಂಬೂಕೆ ಆಗ್ತದ್ಯಾ?"

"ನಮ್ಗೆ ಇದೇ ಚಂದ ಸಾವಿತ್ರಕ್ಕಾ" ಎಂದೆ.

ಅವರು ಬೊಮ್ಮಣ್ಣನ ಮುಖ ನೋಡಿದರು, ಬೊಮ್ಮಣ್ಣ ಅಂಗಳ ನೋಡಿದರು. ನಮ್ಮ ತಲೆ ಸರಿ ಇದೆಯೋ ಇಲ್ಲವೋ ಎಂಬ ಅನುಮಾನ ಇಬ್ಬರಿಗೂ ಬಂದಿರಬೇಕು. ಆದರೂ ಚಾ ಕೊಟ್ಟರು.

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ನೆಲ ಬಾಯಿ ಬಿಡಬಾರದೇ ಅನಿಸುತ್ತದೆ. ಮನೆ ನೋಡುವುದು ನಮ್ಮ ಭಾನುವಾರದ ತಿರುಗಾಟವಾಯಿತು. ಬೆಳಿಗ್ಗೆ ಬಸ್ಸು ಹತ್ತುವುದು. ಅರ್ಗಾದಲ್ಲಿ ನೌಕಾನೆಲೆಯ ಉದ್ದದ ಪಾಗಾರ ಗೋಡೆ ಮುಗಿಯುವವರೆಗೂ ಅಡುಗೆಮನೆ ಎಲ್ಲಿ ಬರಬೇಕೆಂದು ಚರ್ಚೆ. ಆ ಪಾಗಾರದ ಒಳಗೆ ಹೋದ ಊರುಗಳಲ್ಲಿ ಮನೆ ಬಿಟ್ಟುಬಂದವರು ಅದೇ ಬಸ್ಸಿನಲ್ಲಿ ಕೂತಿರುತ್ತಿದ್ದರು. ನಾವು ಮಾತ್ರ ದನಿ ಏರಿಸಿ, ಕಿಟಕಿಗೆ ಕೆಂಪು ಗಾಜೋ ಹಸಿರು ಗಾಜೋ ಎಂದು ಜಗಳವಾಡುತ್ತಿದ್ದೆವು.

ಇವರಿಗೆ ಅಳೆಯುವ ಹುಚ್ಚು. ಟೇಪು ಹಿಡಿದು ಬೊಮ್ಮಣ್ಣನ ಕೈಗೆ ಒಂದು ತುದಿ ಕೊಡುತ್ತಿದ್ದರು. ಪಾಪ, ಅವರು ಪ್ರತಿ ವಾರ ಅದೇ ಗೋಡೆಗೆ ಅದೇ ತುದಿ ಒತ್ತಿ ಹಿಡಿದು ನಿಲ್ಲುತ್ತಿದ್ದರು. ನಾನು ಗೋಡೆಗಳನ್ನು ಬೆರಳಿನಿಂದ ತಟ್ಟುತ್ತ ಹೋಗುತ್ತಿದ್ದೆ, ಕಲ್ಲಂಗಡಿ ತಟ್ಟಿ ನೋಡುವ ಹಾಗೆ. ತಟ್ಟಿದರೆ ಏನು ತಿಳಿಯಬೇಕು ಎನ್ನುವುದು ನನಗೆ ಗೊತ್ತಿರಲಿಲ್ಲ. ತಟ್ಟಿ, "ಹೂಂ" ಎನ್ನುತ್ತಿದ್ದೆ. ಸಾವಿತ್ರಕ್ಕ ಆತಂಕದಿಂದ ನನ್ನ ಮುಖ ನೋಡುತ್ತಿದ್ದರು. ಬಾಲ್ಕನಿಯಲ್ಲಿರುವ ಹಂಚು ಆಗಲೇ ಬಂದದ್ದು. ಒಡೆದ ಹಂಚುಗಳಿಗೆ ಜೋಡಿ ಹುಡುಕಲು ಮಾದರಿ ಬೇಕು ಎಂದಾಗ ಬೊಮ್ಮಣ್ಣ ತಾವೇ ಏಣಿ ಹತ್ತಿ ಒಂದನ್ನು ಇಳಿಸಿ, ಒರೆಸಿ, ಪೇಪರಿನಲ್ಲಿ ಸುತ್ತಿ ಕೊಟ್ಟರು. ತೆಗೆದ ಜಾಗಕ್ಕೆ ತಗಡಿನ ತುಂಡೊಂದನ್ನು ಸಿಕ್ಕಿಸಿದರು.

ಮಧ್ಯಾಹ್ನ ಊಟ. ಮೊದಲ ವಾರ ನಾವು ಬೇಡವೆಂದೆವು, ಎರಡನೇ ವಾರ ಬೇಡವೆನ್ನುವ ದನಿ ಸಣ್ಣದಾಯಿತು, ಆಮೇಲೆ ಕೈತೊಳೆದುಕೊಂಡೇ ಬಂದು ಕೂರುತ್ತಿದ್ದೆವು. ಕುಚ್ಚಲಕ್ಕಿ ಅನ್ನ, ತಿಸರಿ ಚಿಪ್ಪಿನ ಸುಕ್ಕೆ, ಹುರಿದ ಬಂಗಡೆ. ಇವರಿಗೆ ಮೀನಿನ ತಲೆ ಇಷ್ಟವೆಂದು ತಿಳಿದ ಮೇಲೆ ಸಾವಿತ್ರಕ್ಕ ತಲೆಗಳನ್ನು ಇವರಿಗಾಗಿಯೇ ತೆಗೆದಿಡುತ್ತಿದ್ದರು. ಮೇ ತಿಂಗಳಲ್ಲಿ ಇಷಾಡ ಶುರುವಾಯಿತು.

ಇಷಾಡದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಅಂಕೋಲೆಯವರು ನನ್ನನ್ನು ಬಿಡಲಿಕ್ಕಿಲ್ಲ. ನೋಡಲು ಅಂಥ ರೂಪದ ಹಣ್ಣಲ್ಲ. ಸಿಪ್ಪೆ ತೆಳು, ದೂರ ಕಳಿಸಲು ಬಾರದು, ಎರಡು ದಿನ ಮರೆತರೆ ಮುನಿಸಿಕೊಂಡು ಕೊಳೆಯುತ್ತದೆ. ಹಾಗಾಗಿ ಹೊರಗಿನವರಿಗೆ ಗೊತ್ತೇ ಇಲ್ಲ. ಒಳಗೆ ನಾರಿಲ್ಲ, ತುಂಬಾ ತಿರುಳು, ಸಕ್ಕರೆ ಹಾಕಿದರೆ ಹಣ್ಣಿಗೆ ಅವಮಾನ. ಬೆಳಗಿನ ದೋಸೆಗೆ ಅದರ ರಸಾಯನ ಇದ್ದರೆ ಚಟ್ನಿಯ ಸುದ್ದಿಗೆ ಯಾರೂ ಹೋಗುವುದಿಲ್ಲ. ಬೊಮ್ಮಣ್ಣನ ಮರದ ಹಣ್ಣಿಗೆ ಅಂಕೋಲೆ ಪೇಟೆಯಲ್ಲಿ ಕಾಯುವ ಗಿರಾಕಿಗಳಿದ್ದರು. ಸಾವಿತ್ರಕ್ಕ ಬುಟ್ಟಿ ಇಳಿಸುವ ಮೊದಲೇ ಖಾಲಿಯಂತೆ. ಆ ಹಣ್ಣು ನಮಗೆ ಚೀಲ ತುಂಬ. "ನಿಮ್ದೇ ಮರ ಆಗ್ತದೆ ಅಲಾ, ತಕಣಿ ತಕಣಿ" ಎನ್ನುತ್ತಿದ್ದರು. ನಾನೂ ನನ್ನದೇ ಎಂಬಂತೆ ತೆಗೆದುಕೊಂಡೆ. ರಜೆ ಮುಗಿದ ಮೇಲೆ ಶಾಲೆಯಲ್ಲಿ ಹಂಚಿ, "ನಮ್ಮ ಮರದ್ದು" ಎಂದೆ.

ಈ ನಡುವೆ ಎಂಜಿನಿಯರಾದ ಇವರ ಚಿಕ್ಕಪ್ಪನ ಮಗ ಬಂದು ಮನೆ ನೋಡಿದ. ಅಟ್ಟ ಹತ್ತಿ ಇಳಿದು, ಕೂದಲಲ್ಲಿ ಜೇಡರ ಬಲೆ ಹೊತ್ತುಕೊಂಡೇ, "ವೈನೀ, ಪಕಾಸು ಅರ್ಧಕ್ಕರ್ಧ ಒರಲೆ ತಿಂದದೆ. ರಿಪೇರಿಗಿಂತ ಕೆಡವಿ ಕಟ್ಟೂದೇ ಸಸಾರ" ಎಂದ. ಮಾಡಿನ ಮರವನ್ನು ಗೆದ್ದಲು ತಿಂದಿದ್ದು ನನಗೂ ಕಂಡಿತ್ತು. ಕಂಡರೂ ತಟ್ಟಿ "ಹೂಂ" ಎಂದಿದ್ದೆ. ಜೂನಿನ ಮೊದಲ ದೊಡ್ಡ ಮಳೆಗೆ ನಾವು ಅಲ್ಲಿಯೇ ಇದ್ದೆವು. ಸಾವಿತ್ರಕ್ಕ ಅಡುಗೆಮನೆಯಿಂದ ಪಾತ್ರೆಗಳನ್ನು ತಂದು, ಎಲ್ಲೆಲ್ಲಿ ಸೋರುತ್ತದೆಂದು ನೋಡದೆಯೇ ಸರಿಯಾದ ಜಾಗಗಳಲ್ಲಿ ಇಡುತ್ತ ಹೋದರು. ತಗಡಿನ ತುಂಡಿನ ಕೆಳಗೆ ದೊಡ್ಡ ಕೊಳಗ. ನಾವಿಬ್ಬರೂ ಬಸ್ಸಿನಲ್ಲಿ ಕಿಟಕಿಯ ಗಾಜಿನ ಬಣ್ಣ ಎತ್ತದೆ ಮನೆಗೆ ಬಂದೆವು.

ಬೇಡವೆಂದು ಆ ದಿನವೇ ತೀರ್ಮಾನವಾಗಿತ್ತು. ಹೇಳುವುದು ಹೇಗೆ? ಅಷ್ಟು ಉಂಡ ಬಾಯಿಂದ ಬೇಡ ಎಂದು ಹೇಳಲಿಕ್ಕಾಗುತ್ತದೆಯೇ? ವಾರ ಎರಡಾಯಿತು, ನಾವು ಹೋಗಲಿಲ್ಲ. ಫೋನು ಬಂದರೆ ಇವರು ನನ್ನ ಕಡೆ ನೂಕುವರು, ನಾನು ಇವರ ಕಡೆ.

ನಮ್ಮ ಕಡೆ ಇದಕ್ಕೊಂದು ದಾರಿ ಇದೆ. ಮನೆಯಿರಲಿ, ಮದುವೆಯಿರಲಿ, ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ದೇವರಲ್ಲಿ ಪ್ರಸಾದ ಕೇಳುತ್ತೇವೆ. ದೇವರ ಮೂರ್ತಿಗೆ ಹೂವಿನ ಒದ್ದೆ ಎಸಳು ಅಂಟಿಸಿ ಪೂಜಾರಿ ಪ್ರಶ್ನೆ ಇಡುತ್ತಾರೆ. ಬಲಕ್ಕೆ ಬಿದ್ದರೆ ಮಾಡು, ಎಡಕ್ಕೆ ಬಿದ್ದರೆ ಬೇಡ. ಯಾರಿಗಾದರೂ ಮನಸ್ಸು ನೋಯದಂತೆ ಇಲ್ಲವೆನ್ನಬೇಕಾದರೂ ಇದೇ ಮಾತು ಒದಗುತ್ತದೆ. ಪ್ರಸಾದ ಆಗಲಿಲ್ಲ ಎಂದರಾಯಿತು. ಹೇಳಿದವರ ಮೇಲೆ ತಪ್ಪಿಲ್ಲ, ಕೇಳಿದವರಿಗೆ ಬೇಸರವಿಲ್ಲ, ದೇವರು ಹೇಗೂ ತಿರುಗಿ ಮಾತಾಡುವುದಿಲ್ಲ.

ಈ ಮಾತು ಎಲ್ಲರಿಗೂ ಹೀಗೆ ಹಗುರಾಗಿ ತಾಗುವುದಿಲ್ಲವೆಂದು ನನಗೆ ಗೊತ್ತಿರಬೇಕಿತ್ತು. ನನ್ನ ಮದುವೆಯ ವಯಸ್ಸಿನಲ್ಲಿ ನೋಡಲು ಬಂದವರು ಅವಲಕ್ಕಿ ತಿಂದು ಹೋಗಿ, ಪ್ರಸಾದ ಆಗಲಿಲ್ಲವೆಂದು ಹೇಳಿ ಕಳಿಸುತ್ತಿದ್ದರು. ಹುಡುಗಿ ಕಪ್ಪು, ಅಪ್ಪನ ಕೈ ಸಣ್ಣದು ಎಂದು ಅದರ ಅರ್ಥ. ಅಪ್ಪನಿಗೆ ತಿಳಿಯುತ್ತಿತ್ತು, ನನಗೂ. ಅಮ್ಮ ಮಾತ್ರ ನಂಬುತ್ತಿದ್ದಳು. ದೇವರಿಗೆ ಮಗಳ ಮೇಲೆ ಏನು ಮುನಿಸು ಎಂದು ಸೋಮವಾರ ಉಪವಾಸ ಮಾಡಿದಳು, ಯಾರೋ ಹೇಳಿದರೆಂದು ಬರಿಗಾಲಿನಲ್ಲಿ ಗುಡ್ಡ ಹತ್ತಿದಳು, ಕಾಲು ಬಾತು ವಾರಗಟ್ಟಲೆ ಮಲಗಿದಳು. ಬಂದವರು ಸುಳ್ಳು ಹೇಳಿದ್ದಾರೆ ಅಂತ ನಾನು ಕೂಗಾಡಿದರೆ, "ದೇವ್ರ ಹೆಸ್ರಲ್ಲಿ ಯಾರಾದ್ರೂ ಸುಳ್ಳು ಹೇಳ್ತಾರ್ಯೇ? ಮಳ್ಳೇ?" ಎಂದು ನನಗೇ ಬೈದಳು. ಇಷ್ಟನ್ನೂ ಕಣ್ಣಾರೆ ಕಂಡವಳು ನಾನು.

ಕಂಡೂ ಒಂದು ಸಂಜೆ ಫೋನು ತೆಗೆದು, "ಸಾವಿತ್ರಕ್ಕಾ, ಕುಲದೇವರಲ್ಲಿ ಕೇಳಿದ್ವಿ. ಪ್ರಸಾದ ಆಗ್ಲಿಲ್ಲ" ಎಂದುಬಿಟ್ಟೆ.

"ಎಡಕ್ಕೇ ಬಿತ್ತಾ ಅಕ್ಕೋರೆ?"

"ಹೂಂ."

"ಅಡ್ಡಿಲ್ಲ. ದೇವ್ರು ಬೇಡಂದ್ರೆ ನೀವೆಂತ ಮಾಡ್ತ್ರಿ? ನೀವು ಬೇಜಾರ ಮಾಡ್ಕಣಬೇಡಿ. ಮನೆ ಇಲ್ಲಂದ್ರೂ ಊಟಕ್ಕೆ ಬನ್ನಿ."

ಫೋನಿಟ್ಟು ನಾನು ಮಾಡಿದ್ದೇನು ಗೊತ್ತೇ? ಇವರನ್ನು ಕರೆದುಕೊಂಡು ಪೇಟೆಗೆ ಹೋಗಿ ಬನ್ಸು ತಿಂದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಿತ್ತು. ಬಿಸಿ ಬಿಸಿ ಬನ್ಸು, ಎರಡು ತಿಂದೆ. ಅದೂ ಈಗ ನೆನಪಾಗುತ್ತದೆ.

ಚೌತಿ ಮುಗಿಯಿತು, ನವರಾತ್ರಿಯೂ ಮುಗಿಯಿತು. ಒಂದು ದಿನ ಶಾಲೆಯಿಂದ ಬರುವಾಗ ಬೊಮ್ಮಣ್ಣನ ಫೋನು. ದನಿಯಲ್ಲಿ ಸಂಭ್ರಮ. "ಅಕ್ಕೋರೆ, ದೋಷ ಕಳ್ದಾಯ್ತು! ಈಗ ನೀವು ಮನೆ ತಕಂಬೂಕೆ ಯಾವ್ದೂ ಅಡ್ಡಿಲ್ಲ."

ನನಗೆ ತಲೆ ಬುಡ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ನಮ್ಮ ನಂತರ ಮನೆ ನೋಡಲು ಬಂದವರಿಗೆ ತಾವೇ ಪ್ರಾಮಾಣಿಕವಾಗಿ, ಹಿಂದಿನವರಿಗೆ ಪ್ರಸಾದ ಆಗಲಿಲ್ಲ ಎಂದು ಹೇಳಿದರಂತೆ. ಮುಚ್ಚಿಡುವುದು ತಪ್ಪಲ್ಲವೇ? ಬಂದವರು ಚಾ ಕೂಡ ಕುಡಿಯದೆ ಎದ್ದರಂತೆ. ಸುದ್ದಿ ಊರಾಯಿತು, ಮತ್ತೆ ಯಾರೂ ಬರಲಿಲ್ಲ. ಜಾಗದಲ್ಲೇ ಏನೋ ಇದೆ ಎಂದು ಗುನಗರನ್ನು, ಅಂದರೆ ಊರದೇವರ ಪೂಜಾರಿಯನ್ನು ಕರೆಸಿದರು. ಅವರು ಎಸಳು ಅಂಟಿಸಿ ಒಂದೊಂದನ್ನೇ ಕೇಳುತ್ತ ಹೋದರು. ಬಾವಿಯದೋ? ಅಲ್ಲ. ತುಳಸಿಕಟ್ಟೆಯದೋ? ಅಲ್ಲ. ಮಾವಿನ ಮರ? ಬಲಕ್ಕೆ ಬಿತ್ತು. ಜಟಗ ಓಡಾಡುವ ದಾರಿಗೆ ಮರ ಅಡ್ಡ ಬಂದಿದೆ ಎಂದಾಯಿತು.

"ಮರ?" ಎಂದೆ.

"ಕಡ್ಸಿದ್ವಿ ಅಕ್ಕೋರೆ. ಮತ್ತೆ ಕೇಳಿದ್ರೆ ಸಮಾ ಬಲಕ್ಕೇ ಬಿತ್ತು. ನಿಮ್ಗೇ ಮೊದ್ಲು ಹೇಳ್ಬೇಕು ಅಂದ್ಳು ಇವ್ಳು."

ನಾನು ರಸ್ತೆಯ ಬದಿಯಲ್ಲಿ ನಿಂತುಕೊಂಡೆ. ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಮೊದಲು ಅರ್ಧ ನಕ್ಕರು, ನಗು ಅಲ್ಲಿಗೇ ನಿಂತಿತು. ಆಮೇಲೆ, "ಸಾಲ ಮಂಜೂರಾಗಲಿಲ್ಲ ಅಂತ ಹೇಳಿದರೆ?" ಎಂದರು. ನಾನು ನೋಡಿದ ನೋಟಕ್ಕೆ ಎದ್ದು ಬಾಲ್ಕನಿಗೆ ಹೋದರು. ಅವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅದೇ ಉಪಾಯ ನನ್ನ ತಲೆಯಲ್ಲೂ ಬಂದಿತ್ತು, ಅವರು ಬಾಯಿ ಬಿಟ್ಟು ಹೇಳಿದರು, ಅಷ್ಟೇ.

ಬೊಮ್ಮಣ್ಣ, ಸಾವಿತ್ರಕ್ಕ ಅಲ್ಲಿ ನಮಗಾಗಿ ಕಾಯುತ್ತಿದ್ದಾರೆ. ಸತ್ಯ ಹೇಳದಿದ್ದರೆ ಆ ಮನೆಗೆ ಹತ್ತಿದ ಕೆಟ್ಟ ಹೆಸರು ಹೋಗುವುದಿಲ್ಲ. ಮಾರಾಟವಾಗದಿದ್ದರೆ ಹೆದ್ದಾರಿ ಬದಿಯ ಗೋಡೆ ಹಾಗೇ ನಿಲ್ಲುತ್ತದೆ. ಕೊನೆಗೆ ಶಾಲೆಗೆ ರಜೆ ಹಾಕಿ ಒಬ್ಬಳೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಅವರು ಮನೆಯಲ್ಲಿ ಇಲ್ಲದಿರಲಿ ಎಂದು ಬೇಡಿಕೊಂಡೆ. ಯಾವ ದೇವರನ್ನು ಎಂದು ಕೇಳಬೇಡಿ.

ಅವರ ಮನೆಯ ಗೇಟು ತೆಗೆದಾಗ ಮೊದಲು ಕಂಡದ್ದು ಬೆಳಕು. ಅಂಗಳ ಬಿಕೋ ಎನ್ನುತ್ತಿತ್ತು. ಮನೆ ಚಿಕ್ಕದಾದಂತೆ, ಅದರ ಹಳೆತನವೆಲ್ಲ ಒಮ್ಮೆಗೇ ಹೊರಗೆ ಬಿದ್ದಂತೆ ಕಂಡಿತು. ನಡುವೆ ಮರದ ಬುಡ, ಅದರ ಮೇಲೆ ಸಾವಿತ್ರಕ್ಕ ಮೆಣಸಿನಕಾಯಿ ಒಣಹಾಕಿದ್ದರು. ಸೋಗೆಯ ಮಾಡಿನ ಕೆಳಗೆ ಕೊಂಬೆಗಳನ್ನು ಕಡಿದು ಅಚ್ಚುಕಟ್ಟಾಗಿ ಒಟ್ಟಿದ್ದರು.

"ಬಂದ್ರಾ ಅಕ್ಕೋರೆ! ಎಂತ ಬಡ್ಕಲಾಗ್ಬಿಟ್ರಿ!" ಎಂದು ಸಾವಿತ್ರಕ್ಕ ಓಡಿ ಬಂದು ಕೈ ಹಿಡಿದರು. ಬೊಮ್ಮಣ್ಣ ಕುರ್ಚಿ ಒರೆಸಿದರು. ನಾನು ಬುಡವನ್ನೇ ನೋಡುತ್ತಿದ್ದುದು ಅವರಿಗೆ ಕಂಡಿರಬೇಕು. "ಮರ ಹೋದ್ರೆ ಹೋಯ್ತು. ಮಾರೂಕೆ ಬಂದ ಅಡ್ಡಿ ಹೋಯ್ತಲಾ" ಎಂದರು. ಹೇಳುವಾಗ ಅವರು ಬುಡದ ಕಡೆ ನೋಡಲಿಲ್ಲ.

ನೀರಿನ ಲೋಟ ಕೈಗೆ ಬರುವ ಮೊದಲೇ ಹೇಳಿಬಿಟ್ಟೆ. ಕುಡಿದರೆ ಹೇಳಲಾರೆ ಎಂದು ಹೆದರಿಕೆ. "ಬೊಮ್ಮಣ್ಣಾ, ನಾವು ಪ್ರಸಾದ ಕೇಳಿರಲೇ ಇಲ್ಲ. ದೇವಸ್ಥಾನಕ್ಕೇ ಹೋಗಿರಲಿಲ್ಲ. ಮನೆ ಬೇಡ ಅನಿಸಿತ್ತು. ಹೇಳಲಿಕ್ಕೆ ನಾಚಿಕೆಯಾಗಿ ಹಾಗೆ ಹೇಳಿದೆ."

ಸಾವಿತ್ರಕ್ಕ ಲೋಟ ಹಿಡಿದುಕೊಂಡೇ ನಿಂತರು. ಬೊಮ್ಮಣ್ಣ ನನ್ನನ್ನೇ ನೋಡಿದರು. ಸಿಟ್ಟೇನೂ ಕಾಣಲಿಲ್ಲ.

"ಬೇಡ ಅಂದಿದ್ರೆ ಸಾಕಾಗ್ತಿತ್ತಲಾ ಅಕ್ಕೋರೆ" ಎಂದರು. "ನಾವೆಂತ ಸಿಟ್ಟು ಮಾಡ್ಕಂತಿದ್ವಾ?"

ನನ್ನ ಬಾಯಿಗೆ ಬಂದದ್ದು, "ನಾವೇ ತೆಗೆದುಕೊಳ್ಳುತ್ತೇವೆ. ಮನೆ ನಾವೇ ತೆಗೆದುಕೊಳ್ಳುತ್ತೇವೆ."

ಬೊಮ್ಮಣ್ಣ ತಲೆಯಾಡಿಸಿದರು. "ಹಾಂಗೆ ಬೇಡ. ಮರದ ಸಲುವಾಗಿ ಮನೆ ತಕಂಡ್ರೆ ನಿಮ್ಗೂ ಸುಖ ಇಲ್ಲ, ನಂಗೂ ಕೊಟ್ಟಂಗೆ ಆಗೂದಿಲ್ಲ. ದೇವ್ರು ಬೇಡ ಹೇಳಿರ್ಲಿಲ್ಲ ಅಂತ ಗೊತ್ತಾಯ್ತಲಾ, ಬಂದವ್ರಿಗೆ ಅದನ್ನ ಹೇಳ್ತೆ. ನಿಮ್ ಹೆಸ್ರು ತೆಗೂದಿಲ್ಲ ಬಿಡಿ."

"ಹೆಸರು ಹೇಳಿ ಬೊಮ್ಮಣ್ಣಾ. ಹೇಳಬೇಕು" ಎಂದೆ.

"ಶಾಲೆಲಿ ಕಲ್ಸೂರು ನೀವು. ಹೆಸ್ರು ಎಂತಕೆ?"

ಅಷ್ಟರಲ್ಲಿ ಸಾವಿತ್ರಕ್ಕ ಒಳಗೆ ಹೋಗಿ ತೆಂಗಿನಕಾಯಿ ತಂದಿದ್ದರು. ಅವರ ಮುಖ ಬಿಳುಚಿತ್ತು. ನನಗೆ ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದು ನಿಜಕ್ಕೂ ಆಸೆಪಟ್ಟೆ. "ದೇವ್ರ ಮಾತು ಹಾಂಗೆಲ್ಲ ಆಡೂಕಾಗ, ನಿಮ್ಗೆ ಎಂತಾದ್ರೂ ಆದ್ರೆ?" ಎಂದು ನನ್ನ ಮುಂಗೈ ಹಿಡಿದು ಅಂಗಳದ ಮೂಲೆಗೆ ಎಳೆದುಕೊಂಡು ಹೋದರು. ಮರದ ಚಿಂತೆ ಅವರಿಗಿರಲಿಲ್ಲ. ನನಗೆ ಕೇಡಾಗುತ್ತದೆಂಬ ಹೆದರಿಕೆ.

ಜಟಗನ ಕಲ್ಲಿನ ಮುಂದೆ ಕಾಯಿ ಒಡೆದು ಕೈ ಮುಗಿದರು. ನನಗೂ ಕೈ ಮುಗಿ ಎಂದು ಕಣ್ಣಲ್ಲೇ ಹೇಳಿದರು. ಮುಗಿದೆ. ಅವರು ಗಟ್ಟಿಯಾಗಿ, ಎದುರಿಗೆ ಕೂತ ಹಿರಿಯರೊಬ್ಬರ ಹತ್ತಿರ ಮಾತಾಡುವಂತೆ, "ಅಪ್ಪಾ ಜಟಗಾ, ಪ್ಯಾಟೆಲಿ ಬೆಳ್ದ ಕೂಸು, ತಿಳೀದೆ ಹೇಳ್ತು. ಅದ್ರ ಮೇಲೆ ಸಿಟ್ಟು ಮಾಡ್ಬೇಡ. ಮನೆ ಮಾರೂಕೆ ಆಸೆ ಬಿದ್ದದ್ದು ನಾವು. ತಪ್ಪು ನಮ್ದೇ ಅಂತ ಇಟ್ಕ" ಎಂದರು.

ತಲೆಯಲ್ಲಿ ಅರ್ಧ ನರೆತ ನಾನು, ಕೂಸು. ಕಣ್ಣು ಮುಚ್ಚಿಯೇ ನಿಂತಿದ್ದೆ. ತೆರೆದರೆ ಅವರ ಮುಖ ನೋಡಬೇಕಾಗುತ್ತಿತ್ತು.

ಊಟಕ್ಕೆ ನಿಲ್ಲಿ ಎಂದರು. ನಿಲ್ಲಲಿಲ್ಲ. ಅವರ ಮನೆಯಲ್ಲಿ ಬೇಡ ಎಂದು ನಾನು ನಿಜವಾಗಿ ಹೇಳಿದ್ದು ಅದೊಂದೇ ಸಲ. ಒಡೆದ ಕಾಯಿಯ ಹೋಳು ಕೈಯಲ್ಲಿ ಹಿಡಿದು ಹೊರಟೆ. ಹಿಂದಿನಿಂದ ಬೊಮ್ಮಣ್ಣ ಬಂದು ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದರು.

"ಗೇಟಿನ ತನಕ ಬತ್ತೆ ಅಕ್ಕೋರೆ" ಎಂದರು. "ಬಿಸ್ಲು ಸಮಾ ಅದೆ. ಈಗ ಅಂಗಳದಾಗೆ ನೆಳ್ಳು ಇಲ್ಲ ಅಲಾ."